ರಕ್ತದ ಪ್ರೋಟೀನ್ ನೋಡಿ ಕ್ಯಾನ್ಸರ್ ಹೇಳಬಹುದೇ? ಹಣ ಕಟ್ಟುವ ಮೊದಲು ಈ ಲೆಕ್ಕ ನೋಡಿ

‘ಸ್ವಲ್ಪ ರಕ್ತ, ನೂರಾರು ಪ್ರೋಟೀನ್, ಕ್ಯಾನ್ಸರ್ ಮೊದಲೇ ಪತ್ತೆ’ ಎಂಬಂಥ ಸಂದೇಶ ಠಾಣೆ, ಡೊಂಬಿವಲಿ, ಕಲ್ಯಾಣದಲ್ಲಿರುವ ನಿಮ್ಮ ಮೊಬೈಲಿಗೂ ಬಂದಿರಬಹುದು. ಇಂಥ ಭರವಸೆ ಹೊಸದಲ್ಲ.

2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ವರದಿಯೊಂದು ಬಂತು. ಅವರು ರಕ್ತದ ಪ್ರೋಟೀನ್ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರ್ ಇದ್ದ 50 ಮಹಿಳೆಯರನ್ನೂ ಗುರುತಿಸಿದ್ದರು. ಕ್ಯಾನ್ಸರ್ ಇಲ್ಲದ 66 ಮಂದಿಯಲ್ಲಿ 63 ಮಂದಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳಿದ್ದರು. 2004ರಲ್ಲಿ ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕೇಂದ್ರದ ಸಂಖ್ಯಾಶಾಸ್ತ್ರಜ್ಞ ಕೀತ್ ಬ್ಯಾಗರ್ಲಿ ಮತ್ತು ಸಂಗಡಿಗರು ಆ ತಂಡವೇ ಬಿಡುಗಡೆ ಮಾಡಿದ್ದ ದತ್ತಾಂಶಗಳನ್ನು ಒಂದಕ್ಕೊಂದು ಹೋಲಿಸಿದರು. ಒಂದು ಪ್ರಯೋಗದಲ್ಲಿ ಸಿಕ್ಕ ವಿನ್ಯಾಸ ಇನ್ನೊಂದರಲ್ಲಿ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ರೋಗದಿಂದಲ್ಲ, ಮಾದರಿಯನ್ನು ಸಿದ್ಧಪಡಿಸಿದ, ಯಂತ್ರದಲ್ಲಿ ಅಳೆದ ರೀತಿಯಿಂದ ಬಂದಿರಬಹುದು ಎಂದು ಅವರು ತೋರಿಸಿದರು.

ಹೀಗೇಕಾಗುತ್ತದೆ? ರೋಗಿಗಳ ಮತ್ತು ಆರೋಗ್ಯವಂತರ ರಕ್ತದಲ್ಲಿ 2,000 ಪ್ರೋಟೀನ್ ಅಳೆದರು ಎನ್ನಿ. ನಿಜಕ್ಕೂ ಯಾವ ವ್ಯತ್ಯಾಸ ಇಲ್ಲದಿದ್ದರೂ, ಶೇ. 5ರ ಸಾಮಾನ್ಯ ಮಾನದಂಡದಲ್ಲಿ ಸುಮಾರು 100 ಪ್ರೋಟೀನ್‌ಗಳು ಆಕಸ್ಮಿಕವಾಗಿಯೇ ‘ಬೇರೆ’ ಎಂದು ಕಾಣುತ್ತವೆ. ಇಂಥ ಸುಳ್ಳು ಶೋಧಗಳ ಪಾಲನ್ನು ಹತೋಟಿಯಲ್ಲಿಡುವ ವಿಧಾನವನ್ನು ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲೇ ಕೊಟ್ಟರು. ಆದರೆ ರೋಗಿಗಳ ರಕ್ತವನ್ನು ಒಂದು ದಿನ, ಉಳಿದವರದನ್ನು ಇನ್ನೊಂದು ದಿನ ಅಳೆದಿದ್ದರೆ ಆ ತಪ್ಪನ್ನು ಯಾವ ಸೂತ್ರವೂ ಸರಿಪಡಿಸಲಾರದು.

ಇನ್ನೊಂದು ಲೆಕ್ಕ. 66ರಲ್ಲಿ 3 ತಪ್ಪು ಸಣ್ಣದೆನಿಸಬಹುದು. 10,000 ಮಹಿಳೆಯರಲ್ಲಿ 5 ಮಂದಿಗಷ್ಟೇ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಅದೇ ಪ್ರಮಾಣದಲ್ಲಿ ತಪ್ಪಾದರೆ ಸುಮಾರು 450 ಆರೋಗ್ಯವಂತರಿಗೆ ‘ಇದೆ’ ಎಂಬ ವರದಿ ಬರುತ್ತದೆ. ಆಮೇಲೆ ಸ್ಕ್ಯಾನ್, ಆತಂಕ, ಕೆಲವೊಮ್ಮೆ ಅನಗತ್ಯ ಶಸ್ತ್ರಚಿಕಿತ್ಸೆ.

ಹಾಗೆಂದು ಪ್ರೋಟೀನ್ ಸಂಶೋಧನೆಯೇ ವ್ಯರ್ಥವಲ್ಲ. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ‘ಆಕ್ಟ್ರೆಕ್’ ಚಿಕಿತ್ಸೆಯ ಜೊತೆಗೆ ಕ್ಯಾನ್ಸರ್ ಸಂಶೋಧನೆಯನ್ನೂ ನಡೆಸುತ್ತದೆ. ಯಾವುದೇ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ನಿಮ್ಮ ರಕ್ತ ಕೇಳಿದರೆ, ಅದರ ಫಲಿತಾಂಶ ನಿಮ್ಮ ಚಿಕಿತ್ಸೆಗೆ ಬಳಕೆಯಾಗುತ್ತದೆಯೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ.

ಹಣ ಕೊಟ್ಟು ಮಾಡಿಸುವ ಪರೀಕ್ಷೆಯಾದರೆ ವೈದ್ಯರಿಗೆ ಈ ಮೂರು ಪ್ರಶ್ನೆ ಹಾಕಿ:

• ಬೇರೆ ಆಸ್ಪತ್ರೆಯ ಹೊಸ ರೋಗಿಗಳ ಮೇಲೂ ಇದು ಸರಿಬಂದಿದೆಯೇ?
• ನನ್ನಂಥವರಲ್ಲಿ ‘ಇದೆ’ ಎಂದು ಬಂದ 100 ವರದಿಗಳಲ್ಲಿ ಎಷ್ಟು ನಿಜ?
• ಫಲಿತಾಂಶದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ?

ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು ವಾರಗಟ್ಟಲೆ ಇದ್ದರೆ, ವರದಿ ‘ಇಲ್ಲ’ ಎಂದರೂ ಸ್ತ್ರೀರೋಗ ತಜ್ಞರನ್ನು ಕಾಣಿ.