ಕೊಲೆಗಾರ ಯಾರು ಅಂತ ಮೊದಲೇ ಗೊತ್ತು

ಸೋಮವಾರ ಬೆಳಗ್ಗೆ ನಮ್ಮ ಆಫೀಸಿನ ಕಾಫಿ ಮಷೀನ್ ಮುಂದೆ ಒಂದೇ ಮಾತು. ವೀಕೆಂಡಲ್ಲಿ ಯಾವ ಸೀರೀಸ್ ಮುಗಿಸಿದ್ರಿ? ಹೆಚ್ಚಿನವು ಒಂದೇ ಥರ ಇರ್ತವೆ. ಉತ್ತರದಲ್ಲೆಲ್ಲೋ ಹಿಮ ಬೀಳೋ ಊರು, ಸುತ್ತ ಕಾಡು, ಮೊದಲ ಐದು ನಿಮಿಷಕ್ಕೆ ಒಂದು ಹೆಣ, ಮಾತು ಕಮ್ಮಿ ಆಡೋ ಒಬ್ಬ ಪೊಲೀಸ್. ಕೊಲೆಗಾರ ಯಾರು ಅಂತ ತಿಳ್ಕೊಳ್ಳೋಕೆ ಎಂಟು ಎಪಿಸೋಡು. ಶನಿವಾರ ರಾತ್ರಿ ಕೂತ್ರೆ ಭಾನುವಾರ ಬೆಳಗಿನ ಜಾವಕ್ಕೆ ಮುಗೀತು.

ನಾನೂ ಒಂದು ಸರಣಿ ಹಿಂಬಾಲಿಸಿದ್ದೀನಿ. ಇರೋದು ನಾಲ್ಕೇ ಭಾಗ. ಮುಗಿಸೋಕೆ ಹದಿನಾಲ್ಕು ವರ್ಷ ಹಿಡೀತು. ಅದರಲ್ಲಿ ಕೊಲೆಗಾರ ಯಾರು ಅನ್ನೋದು ಮೊದಲ ಪುಟದಲ್ಲೇ, ಒಂದೊಂದ್ಸಲ ಪುಸ್ತಕದ ಹೆಸರಲ್ಲೇ ಗೊತ್ತಾಗಿಬಿಡುತ್ತೆ. ಆದ್ರೂ ಕೆಳಗಿಡೋಕೆ ಆಗಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’. ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಮುಗುಳ್ನಕ್ಕಿರ್ತೀರಿ. ಗೊತ್ತಿಲ್ಲದವರಿಗೆ ಒಂದೆರಡು ಸಾಲು: ಕೆನೆತ್ ಆಂಡರ್ಸನ್ ಅನ್ನೋ ಬೇಟೆಗಾರ ಇಂಗ್ಲಿಷಲ್ಲಿ ಬರೆದ ಅನುಭವಗಳನ್ನ ತೇಜಸ್ವಿ ನಮ್ಮ ಕನ್ನಡಕ್ಕೆ, ನಮ್ಮ ಮಾತಿಗೆ ತಂದಿದ್ದಾರೆ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ, ಈ ಕ್ರಮದಲ್ಲಿ ನಾಲ್ಕು ಭಾಗ. ಆಂಡರ್ಸನ್ 1910ರಲ್ಲಿ ಹುಟ್ಟಿದವನು, 1974ರಲ್ಲಿ ತೀರಿಕೊಂಡ. ಇದ್ದಿದ್ದು ಬೆಂಗಳೂರಲ್ಲಿ, ಕೆಲಸ ವಿಮಾನ ಕಾರ್ಖಾನೆಯಲ್ಲಿ. ರಜೆ ಸಿಕ್ಕರೆ ಕಾರು ಹತ್ತಿ ಕಾಡಿಗೆ. ಒಂಥರಾ ನಮ್ಮ ಹಾಗೇ ನೌಕರಿ ಮಾಡ್ಕೊಂಡು ವೀಕೆಂಡಿಗೆ ಕಾಯ್ತಿದ್ದ ಮನುಷ್ಯ.

ಮೊದಲ ಭಾಗ ಕೈಗೆ ಬಂದಿದ್ದು 2006ರಲ್ಲಿ, ಹೊಳೆನರಸೀಪುರದಲ್ಲಿ. ನಾನಾಗ ಏಳನೇ ಕ್ಲಾಸು. ಅಮ್ಮನ ತಮ್ಮ, ಅಂದ್ರೆ ನಮ್ಮ ಮಾವ, ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯವರು. ಸ್ಕೂಲ್ ಮೇಷ್ಟ್ರು. ಮನೆಗೆ ಬರುವಾಗ ಎಲ್ಲರೂ ಬಿಸ್ಕತ್ತು ತಂದ್ರೆ ಇವರು ಪುಸ್ತಕ ತರೋರು. "ತಗೋ ಅಳಿಯ, ರಾತ್ರಿ ಮಾತ್ರ ಓದ್ಬೇಡ" ಅಂದ್ರು. ರಾತ್ರಿನೇ ಓದಿದೆ. ಹೇಮಾವತಿ ಕಡೆಯಿಂದ ನರಿ ಕೂಗಿದ್ರೂ ಮಂಚದ ಕೆಳಗೆ ಹುಲಿ ಇದೆ ಅನ್ಸೋದು. ಬಚ್ಚಲಿಗೆ ಹೋಗೋಕೆ ಅಪ್ಪನ್ನ ಎಬ್ಬಿಸಬೇಕಾಗಿತ್ತು.

ಎರಡನೇದು ಸಿಕ್ಕಿದ್ದು ಮುಂದಿನ ಬೇಸಿಗೆ ರಜೆಗೆ, ಅರಕಲಗೂಡಿನ ಲೈಬ್ರರಿಯಲ್ಲಿ, ದೊಡ್ಡಪ್ಪನ ಕಾರ್ಡಿನ ಮೇಲೆ. ಬೈಂಡು ಕಿತ್ತುಹೋಗಿತ್ತು, ಯಾರೋ ಪುಣ್ಯಾತ್ಮರು ನೂಲಲ್ಲಿ ಹೊಲಿದಿದ್ರು. ಅದೇ ಬೇಸಿಗೆ, 2007ರ ಏಪ್ರಿಲ್ 5ಕ್ಕೆ, ತೇಜಸ್ವಿ ಹೋಗಿಬಿಟ್ರು. ಅವರಿದ್ದ ಮೂಡಿಗೆರೆ ನಮ್ಮ ಜಿಲ್ಲೆಯ ಗಡಿ ದಾಟಿದ್ರೆ ಸಿಗೋ ಊರು. ಒಂದಿನ ಬಸ್ ಹತ್ತಿ ಹೋಗಿ ಐದನೇ ಭಾಗ ಯಾವಾಗ ಅಂತ ಕೇಳ್ಬೇಕು ಅಂತ ನನ್ನ ಮನಸ್ಸಲ್ಲಿತ್ತು. ಇನ್ನು ಬರಲ್ಲ ಅಂತ ಆವತ್ತು ಗೊತ್ತಾಯ್ತು.

ಮೂರನೇದು ಹಾಸನದಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್ಲಲ್ಲಿ, ಸೀನಿಯರ್ ಒಬ್ಬ ರೂಮ್ ಖಾಲಿ ಮಾಡುವಾಗ ಬಿಟ್ಟುಹೋದ ಪುಸ್ತಕಗಳ ರಾಶಿಯಲ್ಲಿ ಸಿಕ್ತು. ನಾಲ್ಕನೇದು? ಆನ್‌ಲೈನಲ್ಲಿ ಒಂದು ಕ್ಲಿಕ್ಕಿಗೆ ಸಿಗ್ತಿತ್ತು. ಕೈಯಲ್ಲಿ ಸಂಬಳನೂ ಇತ್ತು. ಆದ್ರೂ ತರಿಸಲಿಲ್ಲ. ತರಿಸಿದ್ರೆ ಮುಗಿದುಹೋಗುತ್ತಲ್ಲ! ಸರಣಿ ಓದೋರಿಗೆ ಮಾತ್ರ ಅರ್ಥವಾಗೋ ಜಿಪುಣತನ ಇದು.

ಕೊಲೆಗಾರ ಗೊತ್ತಿದ್ದೂ ಯಾಕೆ ಓದ್ತೀವಿ? ನನಗೆ ಇದು ಹೊಳೆದಿದ್ದು ಕೆಲಸಕ್ಕೆ ಸೇರಿದ ಮೇಲೆ. ಪ್ರೊಡಕ್ಷನ್‌ನಲ್ಲಿ ಏನಾದ್ರೂ ಬಿದ್ದುಹೋದ್ರೆ ನಾವು ಮಾಡೋದೇನು? ಸರ್ವರ್ ಬಿತ್ತು ಅನ್ನೋದು ಎಲ್ಲರಿಗೂ ಗೊತ್ತು. ಯಾಕೆ ಬಿತ್ತು ಅಂತ ಲಾಗ್ ಹಿಡ್ಕೊಂಡು ಹಿಂದಕ್ಕೆ ಹೋಗ್ತೀವಿ. ಈ ಕಥೆಗಳೂ ಹಾಗೇ. ಹೆಜ್ಜೆ ಗುರುತು, ಎಳೆದ ಜಾಡು, ಮುಳ್ಳಿಗೆ ಸಿಕ್ಕಿದ ಸೀರೆ ಚೂರು, ದೂರದಲ್ಲಿ ಕೂಗೋ ಕಡವೆ, ಒಂದೊಂದೂ ಒಂದೊಂದು ಲಾಗ್. ಕೊನೆಗೆ ಪ್ರಾಣಿ ಸತ್ತುಬಿದ್ದಾಗ ಬೇಟೆಗಾರ ಮೊದಲು ನೋಡೋದು ಅದರ ಬಾಯಿ, ಕಾಲು. ಹಲ್ಲು ಮುರಿದಿದೆಯಾ? ಮುಳ್ಳುಹಂದಿ ಮುಳ್ಳು ನಾಟಿದೆಯಾ? ಯಾರೋ ಹೊಡೆದ ಹಳೇ ಗುಂಡು ಒಳಗೇ ಉಳಿದಿದೆಯಾ?

ಉತ್ತರದ ಕಾಡಿಗೆ ಹೋದ್ರೂ ಇದೇ. ತೇಜಸ್ವಿಯವರೇ ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್‌ನ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ನೋಡಿ. ಬದರಿ, ಕೇದಾರಕ್ಕೆ ಹೋಗೋ ಯಾತ್ರಿಕರ ದಾರಿಯಲ್ಲಿ 1918ರಿಂದ 1926ರವರೆಗೆ ಒಂದೇ ಚಿರತೆ ಸರ್ಕಾರಿ ಲೆಕ್ಕಕ್ಕೆ ಸಿಕ್ಕ ಹಾಗೆ 125 ಜನರನ್ನ ಕೊಂದಿತು. ಶುರುವಾಗಿದ್ದು ಹೇಗೆ? 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರನ್ನ ಸುಡೋಕೂ ಆಗದೆ ಜನ ಕಣಿವೆಗೆ ಹಾಕಿದ್ರು, ಅಲ್ಲಿ ಅದಕ್ಕೆ ರುಚಿ ಹತ್ತಿತು ಅಂತಾನೆ ಕಾರ್ಬೆಟ್. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನ ತಿಂದಿತ್ತು. ಅದರ ಕೋರೆಹಲ್ಲು ಹಳೇ ಗುಂಡೇಟಿಗೆ ಮುರಿದಿತ್ತು. ಜಿಂಕೆ ಹಿಡಿಯೋಕೆ ಆಗದ್ದು ಮನುಷ್ಯನ್ನ ಹಿಡೀತು.

ನಾನಂತೂ ಈ ‘ಯಾಕೆ’ ಅನ್ನೋದಕ್ಕೇ ಮರುಳಾಗಿದ್ದೆ. ಕಾಲೇಜಲ್ಲಿ ಸಿಕ್ಕಿದವರಿಗೆಲ್ಲ ಈ ಕಥೆ ಹೇಳ್ತಿದ್ದೆ. ಒಂದಿನ ಸಕಲೇಶಪುರದ ಕ್ಲಾಸ್‌ಮೇಟ್ ಒಬ್ಬ ಸಿಟ್ಟಾಗೇ ಹೇಳಿದ: "ನಿಂಗಿದು ಥ್ರಿಲ್ಲರ್ ಮಗಾ. ನಮ್ಮ ತೋಟಕ್ಕೆ ಬೆಳಗ್ಗೆ ಕೆಲಸಕ್ಕೆ ಬರೋರಿಗೆ ಆನೆ ಎಲ್ಲಿದೆ ಅಂತ ಗೊತ್ತಿರಲ್ಲ." ನನಗೆ ಉತ್ತರ ಹೊಳೀಲಿಲ್ಲ. ಮುಂದೆ 2023ರ ಡಿಸೆಂಬರ್ 4ರಂದು ಅದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ, ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತಾಗ ಇಡೀ ರಾಜ್ಯ ಅತ್ತಿತು. ನನಗೆ ಅವನ ಮಾತೇ ನೆನಪಾಯ್ತು. ಅರ್ಜುನನ ಹೆಸರು ಎಲ್ಲರಿಗೂ ಗೊತ್ತು. ತೋಟದ ದಾರಿಯಲ್ಲಿ ಸತ್ತವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನನಗೆ ಉತ್ತರ ಸ್ವಲ್ಪ ಸಿಕ್ಕಿದ್ದು 2020ರಲ್ಲಿ. ಲಾಕ್‌ಡೌನ್ ಶುರುವಾಗಿ ಲ್ಯಾಪ್‌ಟಾಪ್ ಕಟ್ಕೊಂಡು ಊರಿಗೆ ಬಂದೆ. ಅಷ್ಟೊತ್ತಿಗೆ ಮಾವ ರಿಟೈರ್ ಆಗಿದ್ರು. ಶುಗರ್‌ನಿಂದ ಕಣ್ಣು ತುಂಬ ಮಂಜಾಗಿತ್ತು, ಅಕ್ಷರ ಕಾಣ್ತಿರಲಿಲ್ಲ. ಬಸ್ಸು ಓಡೋಕೆ ಶುರುವಾದ ಮೇಲೆ ಅವರನ್ನ ನೋಡೋಕೆ ಹೋದೆ. ಮಾತಿಗೆ ಮಾತು ಬಂದು, "ನಾಲ್ಕನೇ ಭಾಗ ನಾನೂ ಓದಿಲ್ಲ ಕಣೋ. ತಂದ ವಾರವೇ ಯಾರೋ ಇಸ್ಕೊಂಡು ಹೋದೋರು ವಾಪಸ್ ಕೊಡಲಿಲ್ಲ" ಅಂದ್ರು. ಆವತ್ತು ರಾತ್ರಿನೇ ಆರ್ಡರ್ ಮಾಡಿದೆ.

ಪುಸ್ತಕ ಬಂತು. ಅಲ್ಲೇ ಉಳ್ಕೊಂಡೆ. ಸಂಜೆ ಕೊನೇ ಕಾಲ್ ಮುಗಿದ ಮೇಲೆ ಜಗುಲಿ ಮೇಲೆ ಕೂತು ಜೋರಾಗಿ ಓದೋದು. ಬೇಟೆಗೆ ಬರೋ ದೊರೆಗಳಿಗೆ ಟೋಪಿ ಹಾಕೋ ಮುನಿಶಾಮಿ ಕಥೆಗೆ ಮಾವ ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು. ಪಕ್ಕದ ಮನೆ ಅಜ್ಜಿ ಕೂಡ ಬತ್ತಿ ಹೊಸೀತಾ ಬಂದು ಕೂರೋರು.

ಅದೇ ವಾರ ಆ ಅಜ್ಜಿಯ ಕರುವನ್ನ ಚಿರತೆ ಹೊತ್ಕೊಂಡು ಹೋಯ್ತು.

ಬೆಳಗ್ಗೆ ಏಳಕ್ಕೆ ಊರಿನ ವಾಟ್ಸಾಪ್ ಗ್ರೂಪಲ್ಲಿ ‘ನರಭಕ್ಷಕ ಬಂದಿದೆ’ ಅಂತ ಫೋಟೋ. ಆ ಫೋಟೋ ಯಾವ ರಾಜ್ಯದ್ದೋ ಏನೋ. ಹುಡುಗರು ದೊಣ್ಣೆ, ಪಟಾಕಿ ಹಿಡ್ಕೊಂಡು ಬಂಡೆಗುಡ್ಡದ ಕಡೆ ಹೊರಟ್ರು. ಮಾವ ಎಲ್ಲರನ್ನೂ ಜಗುಲಿಗೆ ಕರೆಸಿದ್ರು. ಮೇಷ್ಟ್ರಲ್ವಾ, ಅರ್ಧ ಹುಡುಗರು ಅವರ ಶಿಷ್ಯರೇ. ಶುರು ಮಾಡಿದ್ರು ಪ್ರಶ್ನೆ. ಎಷ್ಟೊತ್ತಿಗೆ ಆಯ್ತು? ಕೊಟ್ಟಿಗೆಗೆ ಬಾಗಿಲು ಇತ್ತಾ? ನಾಯಿ ಬೊಗಳ್ತಾ? ನಾಯಿ ಎಲ್ಲಿ?

ನಾಯಿ ಇರಲಿಲ್ಲ. ಯೋಚನೆ ಮಾಡಿದ್ರೆ ಎರಡು ತಿಂಗಳಿಂದ ಊರಲ್ಲಿ ನಾಯಿಗಳೇ ಕಮ್ಮಿಯಾಗಿದ್ವು. ಒಬ್ಬ ಹುಡುಗ ಹೇಳಿದ: ಬಂಡೆ ಹಿಂದೆ ರಸ್ತೆ ಪಕ್ಕಕ್ಕೆ ಕೋಳಿ ಅಂಗಡಿ ಕಸ ಮೂಟೆ ಕಟ್ಟಿ ಎಸೀತಿದ್ರು, ಅಲ್ಲಿ ನಾಯಿಗಳ ಸಂತೆ. ಲಾಕ್‌ಡೌನಲ್ಲಿ ಅಂಗಡಿ ಮುಚ್ಚಿ ಕಸ ನಿಂತಿತು, ನಾಯಿಗಳು ಚದುರಿದ್ವು. ವರ್ಷಗಟ್ಟಲೆ ಆ ನಾಯಿಗಳನ್ನೇ ನಂಬ್ಕೊಂಡು ಬಂಡೆಯಲ್ಲಿ ಒಂದು ಚಿರತೆ ಸದ್ದಿಲ್ಲದೆ ಬದುಕಿತ್ತು ಅಂತ ಕಾಣುತ್ತೆ. ಊಟ ನಿಂತ ಮೇಲೆ ಬಾಗಿಲಿಲ್ಲದ ಕೊಟ್ಟಿಗೆಗೆ ಬಂತು. ಇದು ನಮ್ಮ ಊಹೆ, ಆದ್ರೆ ಎಲ್ಲದಕ್ಕೂ ಹೊಂದುತ್ತಿತ್ತು.

ನನಗೆ ಖುಷಿಯೋ ಖುಷಿ. ಹದಿನಾಲ್ಕು ವರ್ಷ ಓದಿದ್ದು ಕಣ್ಣೆದುರಿಗೇ ಬಂದ ಹಾಗಿತ್ತು. "ಅಜ್ಜಿ, ಕಾರಣ ಸಿಕ್ತು!" ಅಂತ ಓಡಿಹೋಗಿ ಹೇಳಿದೆ.

ಅಜ್ಜಿ ಖಾಲಿ ಗೂಟ ನೋಡ್ತಾ ಕೂತಿದ್ರು. ಒಳಗೆ ತಾಯಿ ಹಸು ಅರಚ್ತಾ ಇತ್ತು. "ಕಾರಣ ಸಿಕ್ತೇನಪ್ಪ? ನನ್ನ ಕರ ಸಿಕ್ತಾ?" ಅಂದ್ರು.

ಸಕಲೇಶಪುರದ ಗೆಳೆಯ ಹೇಳಿದ್ದು ಇದೇ ಅಲ್ವಾ? 125 ಅನ್ನೋದು ನನಗೆ ಒಂದು ಅಂಕಿ. ಆಂಡರ್ಸನ್‌ನ ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಅರಸೀಕೆರೆಯ ಪೂರ್ವಕ್ಕಿರೋ ನಾಗವಾರ ಬೆಟ್ಟದ ಕರಡಿಯ ಕಥೆ ಇದೆ. ಕನಿಷ್ಠ 12 ಜನರನ್ನ ಕೊಂದ ಕರಡಿ. ಅವನು ಬಂದೂಕು ಎತ್ಕೊಂಡು ಹೊರಟಿದ್ದು ಸಾಹಸಕ್ಕಲ್ಲ, ಸ್ನೇಹಿತ ಆಲಂ ಬಕ್ಷ್‌ನ ಪ್ರಾಯದ ಮಗ ಅದಕ್ಕೆ ಬಲಿಯಾದ ಅಂತ. ನಮ್ಮ ಜಿಲ್ಲೆಯ ಹೆಸರು ಬಂತು ಅಂತ ಆ ಪುಟದ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ ನಾನು. ಮಗನ್ನ ಕಳ್ಕೊಂಡ ಅಪ್ಪನ ಬಗ್ಗೆ ಒಂದು ನಿಮಿಷ ಯೋಚನೆ ಮಾಡಿರಲಿಲ್ಲ.

ಮಾವನಿಗೆ ಹೇಳಿದೆ. ಅವರು ಬೈಯಲಿಲ್ಲ. "ಕಾರಣ ಹುಡುಕೋದು ತಪ್ಪಲ್ಲ ಅಳಿಯ. ಸಿಕ್ಕ ಮೇಲೆ ಸುಮ್ನೆ ಕೂರೋದು ತಪ್ಪು" ಅಂದ್ರು.

ಆಮೇಲಿನ ಎರಡು ವಾರದಲ್ಲಿ ರೋಮಾಂಚನ ಏನೂ ಇಲ್ಲ, ಬರೀ ಓಡಾಟ. ದನದ ಡಾಕ್ಟ್ರನ್ನ ಕರೆಸಿದ್ದು, ಉಳಿದಿದ್ದ ಕಳೇಬರದ ಫೋಟೋ ತೆಗೆದಿದ್ದು, ಅರಣ್ಯ ಇಲಾಖೆಯ ಪರಿಹಾರಕ್ಕೆ ಅಜ್ಜಿಯ ಅರ್ಜಿ ಬರೆದಿದ್ದು. ಹುಡುಗರು ಬೋನು ಇಡಿಸ್ಬೇಕು, ಹಿಡಿದು ದೂರ ಬಿಟ್ಟುಬರಬೇಕು ಅಂತ ಪಟ್ಟು ಹಿಡಿದ್ರು. ಮಹಾರಾಷ್ಟ್ರದ ಜುನ್ನರ್ ಕಡೆ ವಿದ್ಯಾ ಆತ್ರೇಯ ಮತ್ತವರ ಜೊತೆಯವರು ಮಾಡಿದ ಅಧ್ಯಯನದ ಬಗ್ಗೆ ಓದಿದ್ದೆ. ಹಾಗೆ ಹಿಡಿದು ಬೇರೆ ಕಡೆ ಬಿಟ್ಟ ಮೇಲೆ ಮನುಷ್ಯರ ಮೇಲೆ ದಾಳಿ ಕಮ್ಮಿಯಾಗೋದಿರಲಿ, ಜಾಸ್ತಿ ಆಯ್ತಂತೆ. ಅದನ್ನ ಹೇಳಿದೆ. ಎಲ್ಲರೂ ಒಪ್ಪಲಿಲ್ಲ. ಒಪ್ಪಿದ ಒಂದು ವಿಷಯ ಅಂದ್ರೆ ಬಾಗಿಲು. ಮನೆಗಿಷ್ಟು ಅಂತ ಹಾಕಿ, ಬಂಡೆ ಸಾಲಿನ ಕೊಟ್ಟಿಗೆಗಳಿಗೆಲ್ಲ ತಗಡಿನ ಬಾಗಿಲು, ಕಿಟಕಿಗೆ ಜಾಲರಿ ಕೂರಿಸಿದ್ವಿ. ಮೊದಲ ಬಾಗಿಲು ಅಜ್ಜಿ ಕೊಟ್ಟಿಗೆಗೆ. ಅಂಗಡಿ ತೆರೆದ ಮೇಲೆ ಕಸಕ್ಕೆ ಗುಂಡಿ ತೋಡಿಸೋ ಜವಾಬ್ದಾರಿ ಮಾವ ಹೊತ್ಕೊಂಡ್ರು.

ಚಿರತೆ ಮತ್ತೆ ಕಾಣಿಸ್ಕೊಂಡಿದೆ, ಬಂಡೆ ಮೇಲೆ, ಸಂಜೆ ಹೊತ್ತು. ಆ ಸಾಲಿನ ಕೊಟ್ಟಿಗೆಗಳಿಂದ ಇಲ್ಲಿವರೆಗೂ ಕರು ಹೋಗಿಲ್ಲ. ಮುಂದೆ ಹೋಗಲ್ಲ ಅಂತ ನಾನು ಬರ್ಕೊಡಲ್ಲ.

ಈಗ ಮತ್ತೆ ಬೆಂಗಳೂರು. ನನ್ನ ಆಫೀಸು ಬೆಳ್ಳಂದೂರಲ್ಲಿ. ಕಥೆಯ ಬೆಳ್ಳಂದೂರು ಕಾಡಂಚಿನ ಹಳ್ಳಿ, ಇದಲ್ಲ. ಇಲ್ಲಿ ನರಭಕ್ಷಕ ಅಂದ್ರೆ ಟ್ರಾಫಿಕ್ಕೇ. ಆದ್ರೆ ಕುರ್ಕ ಬಂದ ಜಾಲಹಳ್ಳಿ ಇದೇ ಊರಿನದು, ಈಗ ಮೆಟ್ರೋ ನಿಲ್ದಾಣ. ಅಲ್ಲಿ ಇಳಿಯುವಾಗೆಲ್ಲ, ಚಿರತೆ ಊರಿಗೆ ಬಂತಾ ಇಲ್ಲ ಊರೇ ಚಿರತೆ ಹತ್ರ ಹೋಯ್ತಾ ಅಂತ ಒಂದ್ಸಲ ಯೋಚನೆ ಬರುತ್ತೆ.

ನಾಲ್ಕು ಭಾಗನೂ ಮುಗೀತು. ಮಾವನಿಗೆ ಈಗ ‘ರುದ್ರಪ್ರಯಾಗ’ ಓದ್ತಿದ್ದೀನಿ. ಪ್ರತಿ ಭಾನುವಾರ ಒಂದಿಷ್ಟು ಪುಟ, ವಾಯ್ಸ್ ನೋಟಲ್ಲಿ. ಅಜ್ಜಿನೂ ಕೇಳಿಸ್ಕೊಳ್ತಾರಂತೆ. ಹೋದ ವಾರ ಮಧ್ಯದಲ್ಲೇ ನಿಲ್ಲಿಸಿ, "ಸತ್ತೋಳಿಗೆ ಮಕ್ಕಳಿದ್ರಾ ಕೇಳು" ಅಂದ್ರಂತೆ. ನಾನು ಎರಡು ಸಲ ಓದಿದ ಪುಸ್ತಕ. ಅವರಿಗೆ ಉತ್ತರ ಕೊಡೋಕೆ ಮತ್ತೆ ತೆಗೆದು ಹುಡುಕಬೇಕಾಯ್ತು.

ಕೊನೇ ಅಧ್ಯಾಯ ಮಾತ್ರ ವಾಯ್ಸ್ ನೋಟಲ್ಲಿ ಕಳ್ಸಲ್ಲ. ದೀಪಾವಳಿಗೆ ಊರಿಗೆ ಹೋದಾಗ ಜಗುಲಿ ಮೇಲೆ ಕೂತೇ ಓದೋದು ಅಂತ ಮಾವನಿಗೆ ಹೇಳಿದ್ದೀನಿ.