ಎರಡಿಂಚು ಖಾಲಿ ಬಿಡಿ ಸ್ವಾಮೀ!

ಇಲ್ಲಿ ನ್ಯೂ ಹ್ಯಾಂಪ್‌ಷೈರಿನಲ್ಲಿ ಮನೆ ತಗೊಂಡ ನಮ್ಮ ಸಾಫ್ಟ್‌ವೇರ್ ಮಂದಿಗೆ ಎರಡನೇ ಚಳಿಗಾಲದ ಹೊತ್ತಿಗೆ ಒಂದು ಆಸೆ ಹುಟ್ಟುತ್ತೆ. ಹಾಲ್‌ನಲ್ಲಿ ಒಂದು ಕಟ್ಟಿಗೆ ಸ್ಟವ್ ಇರಬೇಕು, ಅದರ ಗಾಜಿನ ಬಾಗಿಲೊಳಗೆ ಬೆಂಕಿ ಕುಣೀತಾ ಇರಬೇಕು, ಎದುರಿಗೆ ಕೂತು ಕಾಫಿ ಕುಡೀಬೇಕು. ಆಸೆ ತಪ್ಪಲ್ಲ, ನಮ್ಮನೇಲೂ ಇದೆ. 2008ರ ಡಿಸೆಂಬರಿನಲ್ಲಿ ಇಲ್ಲಿ ಐಸ್ ಸ್ಟಾರ್ಮ್ ಬಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳ ಕರೆಂಟ್ ಹೋಗಿತ್ತು, ಕೆಲವು ಕಡೆ ಎರಡು ವಾರದ ತನಕ ವಾಪಸ್ ಬರಲಿಲ್ಲ. ಆಯಿಲ್ ಫರ್ನೇಸ್ ಓಡೋದಕ್ಕೂ ಕರೆಂಟ್ ಬೇಕಲ್ಲ! ಆ ದಿನಗಳನ್ನು ಕಂಡ ಇಲ್ಲಿನ ಹಳಬರು ಕಟ್ಟಿಗೆ ಸ್ಟವ್ ಬಿಡೋ ಮಾತೇ ಆಡಲ್ಲ.

ನನ್ನ ತಕರಾರು ಸ್ಟವ್ ಬಗ್ಗೆ ಅಲ್ಲ, ಅದರ ಮೇಲಿನ ಚಿಮಣಿ ಬಗ್ಗೆ. (ನಮ್ಮೂರ ಕಡೆ ಚಿಮಣಿ ಅಂದ್ರೆ ಸೀಮೆಎಣ್ಣೆ ಬುಡ್ಡಿ. ಅದಲ್ಲ, ಹೊಗೆ ಕೊಳವೆ.) ಸ್ಟವ್ ಆರಿಸೋದಕ್ಕೆ ಮೂರು ವೀಕೆಂಡ್ ಅಂಗಡಿ ಅಲೆಯುವವರು ಚಿಮಣಿ ವಿಷಯ ಬಂದ ತಕ್ಷಣ ಕೇಳೋದು ಒಂದೇ ಪ್ರಶ್ನೆ: "ಯಾವುದು ಚೀಪು?" ಹಾಕಿಸಿದ ಮೇಲೆ ಅದರ ಕಡೆ ತಲೆ ಎತ್ತಿಯೂ ನೋಡಲ್ಲ. ದುಡ್ಡು ಕೊಟ್ಟಾಯ್ತು, ಇನ್ನು ಅದು ಇನ್ನೊಬ್ಬರ ತಲೆನೋವು ಅನ್ನೋ ಈ ಧೋರಣೆ ಇದೆಯಲ್ಲ, ಅದು ಅಪಾಯ ಅನ್ನೋದು ನನ್ನ ವಾದ.

ಈಗ ಹೆಚ್ಚಾಗಿ ಹಾಕೋದು ಫ್ಯಾಕ್ಟರಿಯಲ್ಲೇ ತಯಾರಾಗಿ ತುಂಡು ತುಂಡಾಗಿ ಬರೋ ಲೋಹದ ಚಿಮಣಿ. ಒಳಗೊಂದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಹೊರಗೊಂದು, ನಡುವೆ ಸುಮಾರು ಒಂದಿಂಚು ಶಾಖ ನಿರೋಧಕ. ನೋಡೋದಕ್ಕೆ ಬರೀ ಪೈಪು. ಆದರೆ ಕೆಲಸದಲ್ಲಿ ಅದೊಂದು ಎಂಜಿನ್. ಬಿಸಿ ಗಾಳಿ ಹಗುರಾಗಿ ಮೇಲೇರುತ್ತೆ, ಅದರ ಹಿಂದೆ ಸ್ಟವ್‌ಗೆ ಹೊಸ ಗಾಳಿ ಎಳೆದುಕೊಳ್ಳುತ್ತೆ. ಈ ಎಳೆತಕ್ಕೆ ಬೇಕಾದ್ದು ಎರಡೇ, ಎತ್ತರ ಮತ್ತು ಬಿಸಿ. ಎತ್ತರಕ್ಕೆ ಇಲ್ಲಿ ಸುಲಭದ ಲೆಕ್ಕ ಇದೆ: ಛಾವಣಿ ದಾಟಿದ ಕಡೆಯಿಂದ ಕನಿಷ್ಠ 3 ಅಡಿ, ಜೊತೆಗೆ 10 ಅಡಿ ದೂರದೊಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಮೇಲೆ. ಬಿಸಿ ವಿಷಯದಲ್ಲೇ ಜನ ಎಡವೋದು. ಕೆಲಸ ಸುಲಭ ಅಂತ ಕಂಟ್ರಾಕ್ಟರ್ ಗೋಡೆಯ ಹೊರಗಿನಿಂದ ಚಿಮಣಿ ಏರಿಸ್ತಾನೆ, ನಾವು ಹಾಲ್‌ನ ಜಾಗ ಉಳೀತು ಅಂತ ಖುಷಿಪಡ್ತೀವಿ. ಮೈನಸ್ ಹದಿನೈದು ಡಿಗ್ರಿ ಚಳಿಯಲ್ಲಿ ಹೊರಗೆ ನಿಂತ ಪೈಪಿನಲ್ಲಿ ಹೊಗೆ ಬೇಗ ತಣ್ಣಗಾಗುತ್ತೆ. ಎಳೆತ ಕಮ್ಮಿ, ಮಸಿ ಜಾಸ್ತಿ. ಮನೆಯ ಮಧ್ಯದಿಂದಲೇ ಏರಿಸಿದರೆ ಒಂದು ರೂಮಿನ ಮೂಲೆ ಹೋಗುತ್ತೆ ನಿಜ, ಆದರೆ ನನ್ನ ವೋಟು ಅದಕ್ಕೇ.

ಇನ್ನು ಆ ಎರಡಿಂಚು. ಮಹಡಿ, ಅಟ್ಟ, ಛಾವಣಿ ದಾಟುವಾಗ ಚಿಮಣಿಗೂ ಮರಕ್ಕೂ ನಡುವೆ ಸಾಮಾನ್ಯವಾಗಿ 2 ಇಂಚು ಗಾಳಿ ಬಿಡಬೇಕು. ಬರೀ ಗಾಳಿ, ಬೇರೇನೂ ಇಲ್ಲ. ಇಲ್ಲಿನ ಮನೆಗಳೆಲ್ಲ ಮರದ್ದೇ. ವರ್ಷಗಟ್ಟಲೆ ಶಾಖ ತಿಂದ ಮರ ಒಳಗೊಳಗೇ ಇದ್ದಿಲಾಗುತ್ತಾ ಬಂದು, ಹೊಸ ಮರಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಹೊತ್ತಿಕೊಳ್ಳಬಹುದು. ಆ ಶಾಖವನ್ನು ಹೊತ್ತೊಯ್ಯೋದೇ ಈ ಖಾಲಿ ಜಾಗ. ನನ್ನ ಗೆಳೆಯನ ಮನೇಲಿ ಕಂಟ್ರಾಕ್ಟರ್ ಅಟ್ಟದಲ್ಲಿ ಈ ಜಾಗಕ್ಕೆಲ್ಲ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ತುರುಕಿ ಹೋಗಿದ್ದ, ಚಳಿ ಇಳಿಯಬಾರದು ಅಂತ! ನಾನು ಟಾರ್ಚ್ ಬಿಟ್ಟು ತೋರಿಸಿದರೆ ಗೆಳೆಯ ಹೇಳಿದ್ದು, "ಗುರೂ, ಖಾಲಿ ಜಾಗ ಯಾಕೆ ವೇಸ್ಟ್ ಮಾಡೋದು?" ಮೂವತ್ತು-ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ನುಂಗಿ ಮನೆ ಕಟ್ಟಿದ ಬೆಂಗಳೂರಿನವನಲ್ವೇ, ಪಾಪ. ಆ ಫೈಬರ್‌ಗ್ಲಾಸಿನ ಪಕ್ಕದ ರೂಮಿನಲ್ಲಿ ಅವನ ಎರಡು ವರ್ಷದ ಮಗಳು ಮಲಗ್ತಾಳೆ ಅಂತ ನೆನಪಿಸಿದ ಮೇಲೆ ಅವತ್ತೇ ಎಲ್ಲ ಕಿತ್ತು ಹಾಕಿದ. ಅಂದ ಹಾಗೆ, ಇನ್ಸುಲೇಷನ್ ಆ ಜಾಗಕ್ಕೆ ಜಾರದಂತೆ ತಡೆಯೋಕೆ ಅಂತಲೇ ಒಂದು ತಗಡಿನ ಕವಚ ಸಿಗುತ್ತೆ. ಒಂದು ಕಂಪನಿಯ ಪೈಪಿಗೆ ಇನ್ನೊಂದು ಕಂಪನಿಯ ತುಂಡು ಸಿಕ್ಕಿಸೋದೂ ಬೇಡ. ಟೆಸ್ಟ್ ಆಗಿರೋದು ಇಡೀ ಸೆಟ್, ಬಿಡಿ ಭಾಗ ಅಲ್ಲ. ಲೈಬ್ರರಿ ವರ್ಷನ್ ಬೆರೆಸಿ ಪ್ರೊಡಕ್ಷನ್‌ಗೆ ಬಿಡೋರಿಗೆ ಇದು ಬೇಗ ಅರ್ಥ ಆಗುತ್ತೆ ಬಿಡಿ.

"ವರ್ಷಕ್ಕೊಂದು ಸಲ ಕ್ಲೀನ್ ಮಾಡೋನನ್ನ ಕರೆಸ್ತೀವಲ್ಲ, ಸಾಲದಾ?" ಅಂತ ಕೇಳಬಹುದು. ಕರೆಸಲೇಬೇಕು. ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಅಂತ ಇಲ್ಲಿನ ಅಗ್ನಿ ಸುರಕ್ಷತಾ ನಿಯಮಾವಳಿಯೇ ಹೇಳುತ್ತೆ. ಹಿಮ ಬಿದ್ದ ಛಾವಣಿ ಹತ್ತಿ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ಅವನು ಬರೋದು ಒಂದು ದಿನ, ಉಳಿದ ದಿನ ಕಟ್ಟಿಗೆ ಹಾಕೋರು ನಾವು. ಹೊಗೆ ಸುಮಾರು 250 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾದರೆ ಅದರಲ್ಲಿರೋ ಅಂಟು ಚಿಮಣಿಯ ಒಳಮೈಗೆ ಮೆತ್ತುತ್ತೆ. ಅದೇ ಕ್ರಿಯೊಸೋಟ್. ಮೊದಲು ಪುಡಿ ಮಸಿ, ಆಮೇಲೆ ಹಕ್ಕಳೆ, ಕೊನೆಗೆ ಡಾಂಬರಿನ ಹಾಗೆ ಹೊಳೆಯೋ ಪದರ. ಈ ಪದರಕ್ಕೆ ಬ್ರಷ್ ಏನೂ ಮಾಡಲಾರದು. ಎಂಟನೇ ಒಂದಿಂಚು ದಪ್ಪ ಆಗೋದರೊಳಗೆ ತೆಗೆಸಿಬಿಡಬೇಕು. ಹೊತ್ತಿಕೊಂಡರೆ ಕೊಳವೆಯೊಳಗೆ 2000 ಡಿಗ್ರಿ ಫ್ಯಾರನ್‌ಹೀಟ್ ತನಕ ಏರಬಹುದು. ಎಚ್‌ಟಿ ಅನ್ನೋ ಗುರುತಿನ ಚಿಮಣಿಯನ್ನು 2100 ಡಿಗ್ರಿಯಲ್ಲಿ ಹತ್ತತ್ತು ನಿಮಿಷ ಮೂರು ಸಲ ಪರೀಕ್ಷಿಸಿರ್ತಾರೆ. ಅದು ಮನೆ ಉಳಿಯಲಿ ಅಂತ. ಮಾರನೇ ದಿನ ಮತ್ತೆ ಒಲೆ ಹಚ್ಚಿ ಅಂತಲ್ಲ.

ಇದಕ್ಕೆಲ್ಲ ಮೂಲ ಹಸಿ ಕಟ್ಟಿಗೆ, ಇನ್ನೊಂದು ನಮ್ಮ ಜುಗ್ಗತನ. ರಾತ್ರಿಯಿಡೀ ಬೆಂಕಿ ಉಳೀಲಿ ಅಂತ ಗಾಳಿ ಪೂರ್ತಿ ಬಂದ್ ಮಾಡಿ ಮಲಗ್ತೀವಿ, ಒಳಗೆ ಕಟ್ಟಿಗೆ ಉರಿಯೋ ಬದಲು ಹೊಗೆಯಾಡ್ತಾ ಇರುತ್ತೆ. ತೇವ ನೂರಕ್ಕೆ 20ಕ್ಕಿಂತ ಕಮ್ಮಿ ಇರಬೇಕು. ಅಳೆಯೋ ಪುಟ್ಟ ಮೀಟರ್ ಯಾವ ಹಾರ್ಡ್‌ವೇರ್ ಅಂಗಡೀಲೂ ಸಿಗುತ್ತೆ.

ನಮ್ಮ ಕಡೆ ಐಐಎಸ್‌ಸಿಯ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ಗೊತ್ತಲ್ಲ? ಅಡುಗೆಮನೆಯ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿದ ಒಲೆ. ನಮ್ಮಜ್ಜಿ ಆ ಕೊಳವೆಯನ್ನು ತಿಂಗಳಿಗೊಮ್ಮೆ ತಟ್ಟಿ ಮಸಿ ಇಳಿಸ್ತಿದ್ದಳು. ಕಟ್ಟಿಗೆ ಹಾಕುವಾಗ ಹೊಗೆ ಮುಖಕ್ಕೆ ಬಂತು ಅಂದ್ರೆ "ಕೊಳವೆ ಕಟ್ಟಿದೆ ಕಣೋ" ಅಂತಿದ್ದಳು. ಯಾವ ಡಿಗ್ರಿಯೂ ಇರಲಿಲ್ಲ. ಇಲ್ಲೂ ಅದೇ ಲಕ್ಷಣ. ಸ್ಟವ್ ಬಾಗಿಲು ತೆಗೆದಾಗ ಹೊಗೆ ಹಾಲ್‌ಗೆ ಬಂದರೆ ಮೊದಲು ನೋಡಬೇಕಾದ್ದು ತುದಿಯ ಟೋಪಿಯಲ್ಲಿರೋ ಜಾಲರಿ, ಅದೇ ಎಲ್ಲಕ್ಕಿಂತ ಮುಂಚೆ ಕಟ್ಟಿಕೊಳ್ಳೋದು. ನೆಲದಲ್ಲೇ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿದರೂ ಸಾಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಸ್ಟವ್ ಹಚ್ಚಲೇಬೇಡಿ, ಆ ಅನಿಲಕ್ಕೆ ವಾಸನೆ ಇಲ್ಲ.

ಕಟ್ಟಿಗೆ ಏಪ್ರಿಲ್‌ನಲ್ಲೇ ತರಿಸಿ, ಸೀಳಿ, ಮೇಲೆ ಮಾತ್ರ ಮುಚ್ಚಿ ಗಾಳಿಗೆ ಬಿಡಿ. ಓಕ್ ಆದರೆ ಎರಡು ಬೇಸಿಗೆ ಬೇಕು. ಕ್ಲೀನ್ ಮಾಡೋನಿಗೂ ಬೇಸಿಗೆಯಲ್ಲೇ ಫೋನ್ ಹಾಕಿ. ಅಕ್ಟೋಬರ್ ಬಂದರೆ ಅವನು ನಮ್ಮ ಕೈಗೆ ಸಿಗಲ್ಲ.