ಅಮ್ಮನ ಹಲ್ಲು ಸೆಟ್ ಡಬ್ಬಿಯಲ್ಲೇ ಇದೆಯಾ?

ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ತಟ್ಟೆ ಕಡೆ ಸ್ವಲ್ಪ ಗಮನ ಕೊಡಿ. ರೊಟ್ಟಿಯನ್ನು ಸಾರಲ್ಲಿ ನೆನೆಸಿ ತಿಂತಾರಾ? ಚಕ್ಕುಲಿ ಡಬ್ಬಿ ನಿಮ್ಮ ಕಡೆಗೇ ತಳ್ಳಿ "ನಂಗೆ ಹೊಟ್ಟೆ ತುಂಬಿದೆ" ಅಂತಾರಾ? ಹಾಗಾದರೆ ನೀವು ದುಡ್ಡು ಕೊಟ್ಟು ಮಾಡಿಸಿದ ಹಲ್ಲು ಸೆಟ್ ಬಹುಶಃ ಕಪಾಟಿನ ಡಬ್ಬಿಯಲ್ಲಿ ಕೂತಿದೆ.

ಎಷ್ಟೋ ಮನೆಗಳಲ್ಲಿ ಇದೇ ಕಥೆ. ಮಕ್ಕಳು ಫೋನಲ್ಲೇ ದುಡ್ಡು ಕಳಿಸ್ತಾರೆ, ಸೆಟ್ ಬಂದ ದಿನ ವಿಡಿಯೋ ಕಾಲ್‌ನಲ್ಲಿ "ಎಲ್ಲಿ, ನಗಮ್ಮಾ" ಅಂತಾರೆ, ಅಲ್ಲಿಗೆ ಮುಗೀತು. ಆದರೆ ಹಲ್ಲು ಸೆಟ್ ಕನ್ನಡಕದ ಥರ ಅಲ್ಲ, ಹಾಕಿದ ತಕ್ಷಣ ಕೆಲಸ ಮಾಡಲ್ಲ. ಮೇಲಿನ ಪೂರ್ತಿ ಸೆಟ್ ಅಂಗುಳನ್ನು ಮುಚ್ಚಿಕೊಂಡು, ಎಂಜಲಿನ ತೆಳು ಪದರದ ಹಿಡಿತದಲ್ಲಿ ನಿಲ್ಲುತ್ತೆ. ಕೆಳಗಿನದಕ್ಕೆ ಆ ಅನುಕೂಲ ಇಲ್ಲ. ಜಾಗ ಕಿರಿದು, ಮಧ್ಯೆ ನಾಲಿಗೆಯ ಓಡಾಟ ಬೇರೆ. "ಮೇಲಿನದು ಪರವಾಗಿಲ್ಲ, ಕೆಳಗಿನದು ಆಗ್ತಾನೇ ಇಲ್ಲ" ಅಂತ ಅವರು ಹೇಳೋದು ನೆಪ ಅಲ್ಲ. ನಾಲಿಗೆ, ಕೆನ್ನೆ ಎರಡೂ ಅದನ್ನು ಹಿಡಿದಿಡೋದು ಕಲಿಯೋಕೆ ವಾರಗಟ್ಟಲೆ ಬೇಕು. ಅಲ್ಲಿವರೆಗೆ ಇಡ್ಲಿ, ಮೆತ್ತಗಿನ ಅನ್ನ, ಚಿಕ್ಕ ತುತ್ತು. ಎರಡೂ ಬದಿಯಲ್ಲಿ ಅಗಿಯಬೇಕು. ಮಾತು ತೊದಲಿದರೆ ದಿನಾ ಪೇಪರ್ ಜೋರಾಗಿ ಓದಲಿ. ಸ್ವಂತ ಹಲ್ಲಿನ ಬಲ ಮಾತ್ರ ಎಂಥ ಸೆಟ್‌ಗೂ ಬರಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಸೆಟ್ ಡಬ್ಬಿ ಸೇರೋದು ಸಾಮಾನ್ಯವಾಗಿ ಹುಣ್ಣಿನಿಂದ. ಹೊಸದು ವಸಡಿಗೆ ಎಲ್ಲೋ ಒಂದು ಕಡೆ ಒತ್ತುತ್ತೆ. ಡಾಕ್ಟರ್ ಆ ಜಾಗವನ್ನು ಸ್ವಲ್ಪ ಉಜ್ಜಿ ಕೊಟ್ಟರೆ ಸಾಕು, ಸಣ್ಣ ಕೆಲಸ. ಆದರೆ ಅದಕ್ಕೆ ಬಸ್ಸು, ಆಟೋ, ಜೊತೆಗೊಬ್ಬರು. "ಯಾಕೆ ಸುಮ್ನೆ ತೊಂದ್ರೆ" ಅಂತ ಅಮ್ಮ ತೆಗೆದಿಡ್ತಾರೆ, ಯಾರಿಗೂ ಹೇಳಲ್ಲ. ಅದಕ್ಕೇ ನನ್ನ ಪ್ರಕಾರ ಬೆಂಗಳೂರಿನ ದೊಡ್ಡ ಕ್ಲಿನಿಕ್‌ಗಿಂತ ಅಮ್ಮನ ಮನೆ ಹತ್ತಿರದ ಒಳ್ಳೆ ಡೆಂಟಿಸ್ಟೇ ವಾಸಿ. ಬಜೆಟ್ ಹಾಕುವಾಗ ಸೆಟ್‌ನ ಜೊತೆ ಮೂರ್ನಾಲ್ಕು ಓಡಾಟವನ್ನೂ ಸೇರಿಸಿ. ತೋರಿಸೋಕೆ ಹೋಗುವ ಹಿಂದಿನ ದಿನ ಸೆಟ್ ಹಾಕಿಕೊಂಡಿರಲಿ, ಆಗಲೇ ಎಲ್ಲಿ ಒತ್ತುತ್ತೆ ಅನ್ನೋದು ಡಾಕ್ಟರಿಗೆ ಕಾಣೋದು. ಮನೆಯಲ್ಲೇ ಅರ ಹಿಡಿದು ಉಜ್ಜುವ, ಮುರಿದದ್ದಕ್ಕೆ ಗಮ್ ಹಚ್ಚುವ ಅಪ್ಪಂದಿರನ್ನು ದಯವಿಟ್ಟು ತಡೆಯಿರಿ.

ಚೆನ್ನಾಗಿದ್ದ ಸೆಟ್ ಆಮೇಲೆ ಸಡಿಲ ಆಯ್ತು ಅಂದರೆ ಮಾಡಿದವರು ಮೋಸ ಮಾಡಿದರು ಅಂತಲ್ಲ. ಹಲ್ಲು ಕಿತ್ತ ಜಾಗದ ಮೂಳೆ ಸವೆಯುತ್ತಾ ಹೋಗುತ್ತೆ, ಮೊದಲ ತಿಂಗಳುಗಳಲ್ಲಿ ಹೆಚ್ಚು. ಬಾಯಿ ಬದಲಾಗುತ್ತೆ, ಸೆಟ್ ಬದಲಾಗಲ್ಲ. ಒಳಭಾಗಕ್ಕೆ ಹೊಸ ಪದರ ಹಾಕಿ ಕೂರಿಸಬಹುದು, ರಿಲೈನಿಂಗ್ ಅಂತಾರೆ. ಪ್ರತಿ ಸಲ ಹೊಸ ಸೆಟ್ಟೇ ಬೇಕಾಗಲ್ಲ.

ಕೆಲವೇ ಹಲ್ಲು ಹೋಗಿದ್ದರೆ ಕೊಕ್ಕೆ ಇರುವ ಅರ್ಧ ಸೆಟ್ ಕೊಡ್ತಾರೆ. ಉಳಿದ ಹಲ್ಲೇ ಅದಕ್ಕೆ ಆಧಾರ. ಕೊಕ್ಕೆ ಸುತ್ತ ಅನ್ನ ಸಿಕ್ಕಿ ಆ ಹಲ್ಲೂ ಹುಳುಕಾದರೆ ಸೆಟ್ಟೂ ಹೋಯ್ತು. ಬೆರಳಲ್ಲಿ ಒತ್ತಿ ಕೂರಿಸಬೇಕು, ಕಚ್ಚಿ ಅಲ್ಲ.

ರಾತ್ರಿ ತೆಗೆಯಲೇಬೇಕು, ಇಲ್ಲದಿದ್ದರೆ ಅಂಗುಳಲ್ಲಿ ಫಂಗಸ್ ಬರಬಹುದು. ತಣ್ಣೀರಲ್ಲಿ ಮುಳುಗಿಸಿಡಿ, ಬಿಸಿನೀರಲ್ಲಿ ಆಕಾರ ಕೆಡುತ್ತೆ. ಟೂತ್‌ಪೇಸ್ಟ್ ಗೀರು ಬೀಳಿಸುತ್ತೆ, ಮೆತ್ತನೆ ಬ್ರಷ್ ಮತ್ತು ಸೋಪು ಸಾಕು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಲಿ, ಕೈಜಾರಿದರೂ ಒಡೆಯಲ್ಲ.

ನಿಮ್ಮ ಮನೆಗೆಲಸದವರ, ಆಫೀಸಿನ ಸೆಕ್ಯುರಿಟಿಯವರ ಮನೆಯಲ್ಲೂ ಬೊಚ್ಚುಬಾಯಿಯ ಹಿರಿಯರಿರುತ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡೋಕೆ ಅಂತಲೇ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು. ಕಾರ್ಡ್ ಹಿಡಿದು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸಲು ಅವರಿಗೆ ಹೇಳಿ.